ಎರಡು ಸಲ ಉರುಳುವ ದಾಳ

ದಾಳವೆಂದರೆ ಚುಕ್ಕೆ ಎಂದುಕೊಂಡೇ ನಲವತ್ತು ವರ್ಷ ಕಳೆದಿದ್ದೆ. ಒಂದರ ಬೆನ್ನಿಗೆ ಆರು, ಎರಡರ ಬೆನ್ನಿಗೆ ಐದು, ಮೂರರ ಬೆನ್ನಿಗೆ ನಾಲ್ಕು. ಎದುರುಬದುರು ಮೈಗಳನ್ನು ಕೂಡಿದರೆ ಯಾವಾಗಲೂ ಏಳು. 2016ರ ಡಿಸೆಂಬರ್ ತಿಂಗಳ ಮೊದಲ ಶನಿವಾರ ಮಗ ನನ್ನ ಅಂಗೈಗೆ ಹಾಕಿದ ದಾಳದಲ್ಲಿ ಹುಡುಕಿದರೂ ಒಂದು ಚುಕ್ಕೆ ಸಿಗಲಿಲ್ಲ. ಒಂದು ಮೈಯಲ್ಲಿ ಕತ್ತಿಯೇಟಿನ ಗುರುತು, ಇನ್ನೊಂದರಲ್ಲಿ ಗುರಾಣಿ, ಮತ್ತೊಂದರಲ್ಲಿ ಆಟದ ಹಣದ ಗುರುತು. ಏನೂ ಇಲ್ಲದ ಖಾಲಿ ಮೈಯೂ ಒಂದಿತ್ತು. ಲೂಡೋ ದಾಳಕ್ಕಿಂತ ದಪ್ಪ, ಕೈಗೆ ತೂಕ. ಬಣ್ಣವನ್ನು ಮೇಲೆ ಬಳಿದಿದ್ದಾರೇನೋ ಎಂದು ಉಗುರಿನಿಂದ ಕೆರೆದು ನೋಡಿದೆ. ಉಗುರಿಗೆ ಏನೂ ತಾಗಲಿಲ್ಲ. ಹೊರಗೆ ಸೇಂಟ್ ಪಾಲ್ ಊರು ಹಿಮದಡಿ ಮಲಗಿತ್ತು, ಒಳಗೆ ಹೀಟರ್ ಗುಂಯ್‌ಗುಡುತ್ತಿತ್ತು. ಆ ದಾಳವನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, "ಅಪ್ಪ, ಅದನ್ನ ಎಸೀಬೇಕು, ಇಟ್ಕೊಳ್ಳೋದಲ್ಲ" ಎಂದು ಮಗನೇ ಎಚ್ಚರಿಸಬೇಕಾಯಿತು.

ಆಟದ ಹೆಸರು 'ಸ್ಟಾರ್ ವಾರ್ಸ್: ಡೆಸ್ಟಿನಿ'. ಆಗಷ್ಟೇ ಅಂಗಡಿಗೆ ಬಂದಿತ್ತು. ಹೊರತಂದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಆಗ ಇದ್ದದ್ದು ಇಲ್ಲೇ ಮಿನೆಸೋಟಾದ ರೋಸ್‌ವಿಲ್‌ನಲ್ಲಿ, ನಮ್ಮ ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷದ ದಾರಿ. ಕೋರಿ ಕೊನೀಚ್ಕಾ ಮತ್ತು ಲೂಕಸ್ ಲಿಟ್ಸಿಂಗರ್ ಎಂಬಿಬ್ಬರು ಇದನ್ನು ರೂಪಿಸಿದವರು. ಚನ್ನಪಟ್ಟಣದ ಆಸುಪಾಸಿನವರಿಗೆ ಅಲ್ಲಿಯ ಗೊಂಬೆಗಳ ಮೇಲೆ ಇರುತ್ತದಲ್ಲ, ಆ ಬಗೆಯ ಅಕ್ಕರೆ ನನಗೂ ಮಗನಿಗೂ ಈ ಪಕ್ಕದೂರಿನ ಆಟದ ಮೇಲೆ ಮೊದಲೇ ಹುಟ್ಟಿತ್ತು. ಹನ್ನೊಂದು ವರ್ಷದ ಅವನು ತಿಂಗಳುಗಟ್ಟಲೆ ಕಾದಿದ್ದ. ನಾಯಕರ ಕಡೆಗೆ ರೇ ಎಂಬ ಹುಡುಗಿಯ ಪೆಟ್ಟಿಗೆ, ಖಳರ ಕಡೆಗೆ ಕೈಲೊ ರೆನ್‌ನ ಪೆಟ್ಟಿಗೆ. ಒಂದೊಂದಕ್ಕೆ 14.99 ಡಾಲರ್, ಒಂದೊಂದರಲ್ಲಿ 24 ಕಾರ್ಡು, 9 ದಾಳ. ಎರಡನ್ನೂ ಕೊಂಡೆವು. ಬಿಲ್ ಕೊಡುವಾಗ ಗಲ್ಲಾದ ಪಕ್ಕದಲ್ಲಿ ಹೊಳೆಯುವ ಸಣ್ಣ ಪೊಟ್ಟಣಗಳ ಸಾಲು ಕಂಡಿತು. ಅದರ ಮಾತು ಆಮೇಲೆ. ಮೊದಲು ಆಡಿದ್ದನ್ನು ಹೇಳಬೇಕು.

ರೇ ಮತ್ತು ಅವಳ ಜೊತೆಗಾರ ಫಿನ್ ಮಗನ ಪಾಲಿಗೆ. ಕರಿ ಉಡುಪಿನ ಕೈಲೊ ರೆನ್, ಬಿಳಿ ಕವಚದ ಸ್ಟಾರ್ಮ್‌ಟ್ರೂಪರ್ ನನ್ನ ಪಾಲಿಗೆ. ಪಾತ್ರದ ಕಾರ್ಡನ್ನು ಮುಂದಿಟ್ಟು ಅದರ ದಾಳವನ್ನು ಅದರ ಮೇಲೆ ಕೂರಿಸಬೇಕು. ದಾಳದ ಆರು ಮೈಯಲ್ಲಿ ಏನೇನಿದೆ ಎಂಬುದು ಕಾರ್ಡಿನಲ್ಲೇ ಅಚ್ಚಾಗಿರುತ್ತದೆ. ಐದು ಕಾರ್ಡು ಕೈಗೆ, ಪ್ರತಿ ಸುತ್ತಿಗೂ ಖರ್ಚಿಗೆಂದು ಎರಡು ಬಿಲ್ಲೆ. ಆಮೇಲೆ ನೀನೊಂದು ನಡೆ, ನಾನೊಂದು ನಡೆ. ಕಾರ್ಡು ಹೂಡುವುದು ಒಂದು ನಡೆ, ದಾಳ ಎಸೆಯುವುದು ಇನ್ನೊಂದು. ಬಿದ್ದ ದಾಳದ ಫಲ ತೆಗೆದುಕೊಳ್ಳುವುದು ಮತ್ತೂ ಬೇರೆ ನಡೆ.

ಈ ಆಟದ ರುಚಿಯೆಲ್ಲ ಇಲ್ಲಿದೆ ಎಂದು ಮೊದಲ ಅರ್ಧ ಗಂಟೆಯಲ್ಲೇ ನನಗೆ ಗೊತ್ತಾಯಿತು. ಎಸೆತವೇ ಬೇರೆ, ಫಲವೇ ಬೇರೆ. ನಡುವೆ ಎದುರಾಳಿಗೆ ಒಂದು ಸರದಿ. ಕೈಲೊನ ದಾಳ ಎಸೆದೆ, ಕತ್ತಿಯೇಟು ಬಿತ್ತು. ಚೌಕಾಬಾರದಲ್ಲಾಗಿದ್ದರೆ ಆ ಗರ ಆಗಲೇ ನನ್ನದು, ಕಾಯಿ ನಡೆಸಿಬಿಡುತ್ತಿದ್ದೆ. ಇಲ್ಲಿ ಹಾಗಿಲ್ಲ. ದಾಳ ಇಬ್ಬರ ಕಣ್ಣೆದುರಿಗೂ ಮೇಜಿನ ಮೇಲೆ ಕೂತಿರುತ್ತದೆ. ಮಗ ಅದನ್ನು ನೋಡುತ್ತಾನೆ, ತನ್ನ ಕೈಯ ಕಾರ್ಡುಗಳನ್ನು ನೋಡುತ್ತಾನೆ, ನನ್ನ ಮುಖ ನೋಡುತ್ತಾನೆ. ಆಮೇಲೆ ಒಂದು ಕಾರ್ಡು ಇಳಿಸಿ ನನ್ನ ದಾಳವನ್ನೇ ತೆಗೆಸಿಬಿಡುತ್ತಾನೆ. ಅಥವಾ ರೇಯ ಕೈಗೆ ಆಯುಧವೊಂದನ್ನು ಕೊಡುತ್ತಾನೆ. ಅವಳಿಗೆ ಆಯುಧ ತೊಡಿಸಿದರೆ ಆಡುವವನಿಗೆ ಒಡನೆಯೇ ಇನ್ನೊಂದು ನಡೆ ಸಿಗುತ್ತದೆ. ಆ ನಡೆಯಲ್ಲಿ ತನ್ನ ದಾಳಗಳನ್ನು ಎಸೆದು ನನ್ನನ್ನೇ ಯೋಚನೆಗೆ ಹಚ್ಚುತ್ತಾನೆ. ಬಿದ್ದ ಗರ ಕೈಗೂಡುವ ತನಕ ಉಸಿರು ಹಿಡಿದು ಕೂರಬೇಕು. ಇಷ್ಟು ವರ್ಷ ದಾಳದಾಟ ಆಡಿದವನಿಗೆ ಈ ಉಸಿರು ಹಿಡಿಯುವ ಕ್ಷಣ ಹೊಸದು.

ಬೇಡದ ಮೈ ಬಿದ್ದರೆ ಅದಕ್ಕೂ ದಾರಿ ಇದೆ. ಕೈಯಲ್ಲಿರುವ ಒಂದು ಕಾರ್ಡನ್ನು ಬಿಟ್ಟುಕೊಟ್ಟರೆ ದಾಳಗಳನ್ನು ಮತ್ತೆ ಎಸೆಯಬಹುದು. ಯಾವ ಕಾರ್ಡು ಬಿಡುವುದು? ಪಾತ್ರಗಳೆಲ್ಲ ಸತ್ತರೆ ಸೋಲು, ಸುತ್ತು ಮುಗಿದಾಗ ಕೈಯಲ್ಲೂ ಕಟ್ಟಿನಲ್ಲೂ ಕಾರ್ಡು ಉಳಿಯದಿದ್ದರೂ ಸೋಲು. ಆದ್ದರಿಂದ ಬಿಟ್ಟ ಪ್ರತಿಯೊಂದು ಕಾರ್ಡೂ ಆಯುಷ್ಯದ ಒಂದು ತುಣುಕು. ಹನ್ನೊಂದು ವರ್ಷದ ಹುಡುಗ ತನಗೆ ಬಹಳ ಇಷ್ಟವಾದ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು, ಬಿಡಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಮೆಲ್ಲಗೆ ಕೆಳಗಿಟ್ಟು ದಾಳ ಎತ್ತಿಕೊಂಡದ್ದನ್ನು ನೋಡಿದೆ. ಒಂದು ಸಲ ಮತ್ತೆ ಎಸೆಯಲು ಏನು ಬೆಲೆ ಎಂದು ಅವನು ತಾನೇ ಲೆಕ್ಕ ಹಾಕುತ್ತಿದ್ದ. ಆ ಮುಖವನ್ನು ನೋಡಲು ಮೂವತ್ತು ಡಾಲರ್ ಹೆಚ್ಚೆಂದು ನನಗೆ ಅನ್ನಿಸಲಿಲ್ಲ.

ಆಡುತ್ತಾ ಆಡುತ್ತಾ ನನ್ನ ಮನಸ್ಸು ಮೈಸೂರಿನ ಮನೆಯ ಕೆಂಪು ನೆಲಕ್ಕೆ ಹೋಗಿಬಿಟ್ಟಿತ್ತು. ಬೇಸಿಗೆ ರಜೆಯ ಮಧ್ಯಾಹ್ನ, ಊಟದ ಎಲೆ ಎತ್ತಿ ನೆಲ ಒರೆಸಿದ ತೇವ ಇನ್ನೂ ಆರುವ ಮೊದಲೇ ಅಕ್ಕ ಸೀಮೆಸುಣ್ಣದಲ್ಲಿ ಐದೈದು ಇಪ್ಪತ್ತೈದು ಮನೆ ಬರೆಯುತ್ತಿದ್ದಳು. ಕಟ್ಟೆಮನೆಗಳಿಗೆ ಅಡ್ಡಗೀಟು. ಕವಡೆ ಇದ್ದರೆ ಕವಡೆ, ಇಲ್ಲದಿದ್ದರೆ ಹುಣಸೆಬೀಜ. ಬೀಜದ ಒಂದು ಮಗ್ಗುಲನ್ನು ಜಗಲಿಯ ಕಲ್ಲಿಗೆ ಉಜ್ಜಿ ಉಜ್ಜಿ ಬಿಳಿ ಮಾಡಬೇಕು. ಉಜ್ಜಿದ ಬೀಜ ಬಿಸಿಯಾಗಿರುತ್ತದೆ; ಅದನ್ನು ಪಕ್ಕದವರ ತೋಳಿಗೆ ಚುರುಕ್ಕೆಂದು ತಾಗಿಸುವುದೂ ಆಟದ ಒಂದು ಭಾಗವೇ. ಕಾಯಿಗಳು ಅಮ್ಮನ ಒಡೆದ ಬಳೆಚೂರು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಎಂಟು, ಅಂದರೆ ಬಾರಾ. ಕಾಯಿ ಕಡಿಯುವುದು, ಹಣ್ಣು ಮಾಡುವುದು, ಕೊನೇ ಮನೆಯಲ್ಲಿ ಒಂದು ಗರಕ್ಕಾಗಿ ಕಾಯುತ್ತಾ ಕೂರುವುದು. ಒಂದು ಕಾಸಿನ ಖರ್ಚಿಲ್ಲ. ಅಡುಗೆಮನೆಯ ಹುಣಸೆ ಡಬ್ಬಿಯೇ ನಮ್ಮ ಆಟದಂಗಡಿ.

ಈಗ ಪೊಟ್ಟಣದ ಮಾತು. ಮೊದಲ ದಿನವೇ ನಾಲ್ಕು ಪೊಟ್ಟಣ ಕೊಂಡಿದ್ದೆವು. ಒಂದಕ್ಕೆ 2.99 ಡಾಲರ್. ಒಳಗೆ ಐದು ಕಾರ್ಡು, ಒಂದು ದಾಳ. ಯಾವ ಐದು, ಯಾವ ದಾಳ ಎಂಬುದು ಹರಿಯುವ ತನಕ ತಿಳಿಯುವುದಿಲ್ಲ. ಹರಿಯುವ ಆ ಸುಖವನ್ನು ಇಲ್ಲವೆನ್ನಲಾರೆ. ಬೆರಳಿಗೆ ಮೊದಲು ಸಿಗುವುದು ದಾಳದ ಉಬ್ಬು. ಮಗ ಅದನ್ನು ಹೊರಗಿನಿಂದಲೇ ತಡವಿ, ಕಣ್ಣು ಮುಚ್ಚಿ, ಆಮೇಲೆ ಹರಿಯುತ್ತಿದ್ದ. ನನಗೆ ಬಬಲ್ ಗಮ್ ಕಾಗದದೊಳಗೆ ಸಿಗುತ್ತಿದ್ದ ಕ್ರಿಕೆಟಿಗರ ಚಿತ್ರಗಳು ನೆನಪಾದವು. ಕಪಿಲ್ ದೇವ್ ಬರಲಿ ಎಂದು ಹರಕೆ ಹೊತ್ತು ಹರಿದರೆ ಹಿಂದಿನ ವಾರ ಬಂದವನೇ ಮತ್ತೆ ಬರುತ್ತಿದ್ದ.

ಆಟವನ್ನು ಹೀಗೆ ಪೊಟ್ಟಣದಲ್ಲಿ ಮಾರುವುದು ಹೊಸತೇನಲ್ಲ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ 'ಮ್ಯಾಜಿಕ್' ಈ ದಾರಿ ತೆರೆಯಿತು. ಎರಡು ವರ್ಷದ ಮೇಲೆ ದಾಳಗಳನ್ನೇ ಸಂಗ್ರಹಿಸುವ 'ಡ್ರ್ಯಾಗನ್ ಡೈಸ್' ಬಂತು. 2014ರ 'ಡೈಸ್ ಮಾಸ್ಟರ್ಸ್' ಎರಡು ಕಾರ್ಡು, ಎರಡು ದಾಳದ ಪೊಟ್ಟಣವನ್ನು 99 ಸೆಂಟಿಗೆ ಕೊಟ್ಟಿತು. ವಸ್ತುವಿನ ಲೆಕ್ಕದಲ್ಲಿ ನೋಡಿದರೆ ಡೆಸ್ಟಿನಿಯ ಪೊಟ್ಟಣ ದುಬಾರಿಯೆಂದು ನಾನು ಹೇಳುವುದಿಲ್ಲ. ಬಣ್ಣ ಮಾಸದ ಅಷ್ಟು ಚೆಂದದ ದಾಳ, ಒಳ್ಳೆಯ ಅಚ್ಚಿನ ಐದು ಕಾರ್ಡು, ಮೂರು ಡಾಲರ್, ಬೆಲೆ ನ್ಯಾಯದ್ದೇ. ಪ್ರಶ್ನೆ ಇರುವುದು ಬೇಕಾದದ್ದು ಬರಲು ಅಂಥ ಎಷ್ಟು ಮೂರು ಡಾಲರ್ ಎಂಬಲ್ಲಿ.

ಒಂದು ರಾತ್ರಿ ಕಾಗದ ತೆಗೆದುಕೊಂಡು ಕೂತು ಲೆಕ್ಕ ಹಾಕಿದೆ. 'ಅವೇಕನಿಂಗ್ಸ್' ಎಂಬ ಈ ಮೊದಲ ಕಂತಿನಲ್ಲಿ ಒಟ್ಟು 174 ಬಗೆಯ ಕಾರ್ಡು. ಪೊಟ್ಟಣದಲ್ಲಿ ದಾಳದೊಂದಿಗೆ ಬರುವ ಕಾರ್ಡು ಅಪರೂಪದ್ದು; ಅದಕ್ಕೂ ಮೇಲಿನದು ನೇರಳೆ ಗುರುತಿನ ಲೆಜೆಂಡರಿ. ಡಾರ್ತ್ ವೇಡರ್, ಲೂಕ್ ಸ್ಕೈವಾಕರ್ ಎಲ್ಲ ಅಲ್ಲಿ. ಅದು ಸುಮಾರು ಆರು ಪೊಟ್ಟಣಕ್ಕೊಂದು ಸಿಕ್ಕಿದರೆ ಪುಣ್ಯ. ಸಿಕ್ಕರೂ ಯಾವುದು? ನಾಯಕರನ್ನೂ ಖಳರನ್ನೂ ಒಂದೇ ಪಡೆಯಲ್ಲಿ ಸೇರಿಸುವಂತಿಲ್ಲ. ಕೆಂಪು, ನೀಲಿ, ಹಳದಿ ಎಂದು ಬಣ್ಣಗಳಿವೆ. ಪಾತ್ರದ ಬಣ್ಣಕ್ಕೆ ಕಾರ್ಡಿನ ಬಣ್ಣ ಹೊಂದಬೇಕು. ಪಾತ್ರಗಳ ಬೆಲೆ ಒಟ್ಟು 30 ಅಂಕ ಮೀರಬಾರದು. ಮುಖ್ಯ ಪಾತ್ರವೊಂದು ಎರಡು ದಾಳದ ಬಲದಿಂದ ಆಡಬೇಕಾದರೆ ಅದೇ ಕಾರ್ಡು, ಅದೇ ದಾಳ ಇನ್ನೊಂದು ಬೇಕು. ರೇ ಬರುವುದು ಅವಳ ಪೆಟ್ಟಿಗೆಯಲ್ಲಿ ಮಾತ್ರ, ಒಂದೇ ದಾಳದೊಂದಿಗೆ. ಎರಡನೆಯ ದಾಳಕ್ಕೆ ಇನ್ನೊಂದು ಪೆಟ್ಟಿಗೆ, ಇನ್ನೂ ಹದಿನೈದು ಡಾಲರ್. ಪಂದ್ಯಕ್ಕೆ ಹೋಗುವವನ ಕಟ್ಟಿನಲ್ಲಿ 30 ಕಾರ್ಡು ಇರಬೇಕು. ಪೆಟ್ಟಿಗೆಯ ಕಾರ್ಡುಗಳು ಅಷ್ಟಕ್ಕೆ ಸಾಲವು, ಆದ್ದರಿಂದ ಪೊಟ್ಟಣ ಕೊಳ್ಳಲೇಬೇಕು. 36 ಪೊಟ್ಟಣದ ಇಡೀ ಡಬ್ಬ ಅಚ್ಚುಬೆಲೆಯಲ್ಲಿ 107.64 ಡಾಲರ್.

ಅಮ್ಮ ಪ್ರತಿ ಭಾನುವಾರ ಬೆಳಿಗ್ಗೆ ವಿಡಿಯೋದಲ್ಲಿ ಬರುತ್ತಾಳೆ, ಅವಳಿಗಾಗಲೇ ರಾತ್ರಿ. ಆ ತಿಂಗಳು ಅವಳ ಮಾತೆಲ್ಲ ನೋಟಿನದೇ. ನವೆಂಬರ್ 8ರಂದು ಐನೂರು, ಸಾವಿರದ ನೋಟು ರದ್ದಾದ ಮೇಲೆ ಎರಡು ಸಾವಿರ ರೂಪಾಯಿಗಾಗಿ ಬ್ಯಾಂಕಿನ ಮುಂದೆ ಅರ್ಧ ದಿನ ನಿಂತು ಬರುತ್ತಿದ್ದಳು. ಮೊಮ್ಮಗ ದಾಳಗಳನ್ನು ಕ್ಯಾಮರಾಕ್ಕೆ ಹಿಡಿದು ಒಂದೊಂದೇ ಮೈ ತೋರಿಸಿದ. ಅವಳು ಕನ್ನಡಕ ಸರಿಮಾಡಿಕೊಂಡು ಎಲ್ಲವನ್ನೂ ನೋಡಿದಳು.

"ಎಷ್ಟೋ ಇದು?"

ಪೊಟ್ಟಣಕ್ಕೆ ಮೂರು ಡಾಲರ್ ಎಂದೆ. ಅವಳ ಲೆಕ್ಕ ತಡವಾಗುವುದಿಲ್ಲ. "ಇನ್ನೂರು ರೂಪಾಯಿ. ಒಳಗೇನಿದೆ ಅಂತ ಅಂಗಡಿಯವ್ನಿಗೂ ಗೊತ್ತಿಲ್ವಾ?"

"ಇಲ್ಲಮ್ಮ."

"ಹಾಗಿದ್ರೆ ಮಗು ಅಂಗಡೀಲೇ ಒಂದ್ಸಲ ದಾಳ ಹಾಕಿ ಬಂದಂಗಾಯ್ತು. ಮನೇಲಿ ಹಾಕೋದು ಎರಡನೇ ಸಲ. ಮೊದಲನೇದಕ್ಕೆ ಯಾಕಪ್ಪ ದುಡ್ಡು?"

ನಾನು ಕಾಗದದ ತುಂಬ ಬರೆದ ಲೆಕ್ಕ ಅವಳ ಈ ಮಾತಿನಲ್ಲಿ ಇಳಿದುಹೋಯಿತು. ಒಂದೇ ದಾಳ ಎರಡು ಸಲ ಉರುಳುತ್ತಿದೆ. ಮನೆಯ ಮೇಜಿನ ಮೇಲೆ ಉರುಳಿದಾಗ ಮಗ ಯೋಚಿಸುತ್ತಾನೆ, ಬಿಟ್ಟುಕೊಡುತ್ತಾನೆ, ಮತ್ತೆ ಎಸೆಯುತ್ತಾನೆ. ಕೆಟ್ಟ ಗರದಿಂದಲೂ ಏನಾದರೂ ಮಾಡಿಕೊಳ್ಳಲು ಅವನಿಗೆ ಎಡೆಯಿದೆ. ಗಲ್ಲಾದ ಮುಂದೆ ಉರುಳಿದಾಗ ಅವನ ಕೈಯಲ್ಲಿ ಏನೂ ಇಲ್ಲ. ಅಲ್ಲಿ ಮತ್ತೆ ಎಸೆಯಲು ಇರುವ ದಾರಿ ಇನ್ನೊಂದು 2.99.

ನನ್ನ ತಲೆಯಲ್ಲಿ ಅಮ್ಮನ ಮಾತಿನ ಜೊತೆಗೆ ಗಂಜೀಫಾ ಸುಳಿದಾಡುತ್ತಿತ್ತು. ಮೈಸೂರಿನವನಿಗೆ ಕಾರ್ಡಿನ ಆಟವೆಂದರೆ ಅದು ನೆನಪಾಗದೆ ಇರದು. ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳೆಂದರೆ ಜೀವ ಬಿಡುತ್ತಿದ್ದವರು. ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಆಟದ ಮನೆಗಳ ಚಿತ್ರ ನೋಡಿ ಚಿಕ್ಕಂದಿನಲ್ಲಿ ನಾನು ಕತ್ತೆತ್ತಿ ನಿಂತುಬಿಡುತ್ತಿದ್ದೆ. ಅವರು ಕಲ್ಪಿಸಿದ ಛದ್ ಎಂಬ ಎಲೆಯಾಟಗಳು ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿವೆ. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆ. ಗಂಜೀಫಾ ಎಲೆಗಳಲ್ಲೂ ಸಿರಿವಂತರ ಎಲೆ, ಸಾಮಾನ್ಯರ ಎಲೆ ಎಂದು ಇತ್ತು. ದಂತದ ಮೇಲೆ, ಆಮೆಚಿಪ್ಪಿನ ಮೇಲೆ ಬರೆದದ್ದು ದರ್ಬಾರ್ ಕಲಂ. ಬಟ್ಟೆ, ಕಾಗದ ಅಂಟಿಸಿ ಬರೆದದ್ದು ಬಜಾರ್ ಕಲಂ. ದಶಾವತಾರ ಗಂಜೀಫಾ 120 ಎಲೆಯದು. ದರ್ಬಾರಿನದಾಗಲಿ ಬಜಾರಿನದಾಗಲಿ, ಕಟ್ಟು ಕೊಂಡವನ ಮನೆಗೆ ಹತ್ತು ಅವತಾರಗಳೂ ಬರುತ್ತಿದ್ದವು. ರಾಮ ಸಿಕ್ಕಿದ, ಕೃಷ್ಣ ಸಿಗಲಿಲ್ಲ ಎಂದು ಮತ್ತೊಂದು ಕಟ್ಟು ಕೊಳ್ಳುವ ಹಾಗಿರಲಿಲ್ಲ. ಬಡವನ ಎಲೆಯ ಬಣ್ಣ ಮಂಕಾಗಿರಬಹುದು, ಆಟ ಮಾತ್ರ ಪೂರ್ತಿ ಅವನದು.

ಮುಂದಿನ ವಾರ ಇನ್ನೂ ಆರು ಪೊಟ್ಟಣ ಕೊಂಡೆವು. ಅದು ಮಗನಿಗೆ ಕೊಟ್ಟ ಮಾತು, ಮುರಿಯಲು ಮನಸ್ಸಾಗಲಿಲ್ಲ. ಅಲ್ಲಿಗೆ ಎರಡು ಪೆಟ್ಟಿಗೆ, ಹತ್ತು ಪೊಟ್ಟಣ. ತೆರಿಗೆ ಬಿಟ್ಟು 59.88 ಡಾಲರ್, ಆಗಿನ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಯ ಮೇಲೆ. ಇನ್ನು ಸಾಕೆಂದು ಇಬ್ಬರೂ ಕೂತು ಮಾತಾಡಿಕೊಂಡೆವು. ಅವನು ಅಳಲಿಲ್ಲ, ಆದರೆ ಅಂಗಡಿಯ ಮುಂದೆ ಹಾದುಹೋಗುವಾಗ ನನ್ನ ಕೈ ಬಿಡುತ್ತಿದ್ದ. ಮೂರನೆಯ ವಾರದ ಹೊತ್ತಿಗೆ ಅಂಗಡಿಯಲ್ಲೂ ಸರಕು ಖಾಲಿಯಾಗಿತ್ತು. ಇಲ್ಲದ್ದು ಕೇಳುವಂತಿಲ್ಲ ಎಂದಾದ ಮೇಲೆ ಅವನ ಆಟ ತಾನಾಗಿ ಆಳವಾಯಿತು. ಇದ್ದ ಕಾರ್ಡುಗಳನ್ನೇ ಅದಲುಬದಲು ಮಾಡಿ, ಯಾವ ದಾಳದಲ್ಲಿ ಖಾಲಿ ಮೈ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ನಾನು ಕಾರ್ಡು ಹಿಡಿಯುವ ರೀತಿಯಿಂದಲೇ ಯಾವುದು ಹಿಡಿದಿದ್ದೇನೆಂದು ಹೇಳುವಷ್ಟಾದ. ಸತತ ಏಳು ಆಟ ಸೋತೆ.

ಹತ್ತು ಪೊಟ್ಟಣದಲ್ಲಿ ವೇಡರ್ ಬರಲಿಲ್ಲ, ಲೂಕ್ ಬರಲಿಲ್ಲ. ನಾಲ್ಕನೆಯದರಲ್ಲಿ ಬಂದವಳು ಲೇಯಾ. ಕೆಂಪು ಬಣ್ಣದ ನಾಯಕಿ. ರೇ ನೀಲಿ, ಫಿನ್ ಹಳದಿ. ಮೂವರನ್ನೂ ಹೂಡಿದರೆ 30 ಅಂಕ ಮೀರುತ್ತದೆ. ಕೆಂಪಿನ ಬೇರೆ ಕಾರ್ಡು ನಮ್ಮಲ್ಲಿ ಬೆರಳೆಣಿಕೆಯಷ್ಟು. "ಇವಳು ನಮ್ಮ ಟೀಮಿಗೆ ಆಗಲ್ಲ ಅಪ್ಪ" ಎಂದು ಮಗ ದಾಳವನ್ನು ಡಬ್ಬದ ಮೂಲೆಗೆ ಹಾಕಿದ್ದ. ಅಂಗಡಿಯಲ್ಲಿ ಶನಿವಾರ ಆಡಲು ಬರುತ್ತಿದ್ದ ಕಾಲೇಜು ಹುಡುಗನೊಬ್ಬ ಅವಳಿಗೆ ಬದಲಾಗಿ ಕೌಂಟ್ ಡೂಕುವನ್ನು ಕೊಡಲು ಮುಂದೆ ಬಂದ. ಡೂಕು ನೀಲಿ ಖಳ, ನನ್ನ ಕೈಲೊ ಜೊತೆಗೆ ಹೇಳಿಮಾಡಿಸಿದವನು. ಹಣವಿಲ್ಲದೆ ಬೇಕಾದದ್ದು ಸಿಗುವ ದಾರಿ ಇದೊಂದೇ. ಬದಲಿ ಕೊಡುವುದು ಈ ಬಗೆಯ ಆಟದಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ. ಎದುರಿನವನಿಗೆ ಏನು ಬೇಕೆಂದು ಕೇಳಬೇಕು, ತನಗೇನು ಬೇಡವೆಂದು ತಿಳಿದಿರಬೇಕು. ಮುಂದಿನ ಶನಿವಾರ, ಅಂದರೆ ಡಿಸೆಂಬರ್ 31ಕ್ಕೆ, ಕೊಡುತ್ತೇನೆಂದು ಮಗ ಒಪ್ಪಿಬಂದ.

23ರಂದು ಲಂಡನ್ನಿನಿಂದ ಹೊರಟ ವಿಮಾನದಲ್ಲಿ, ಸ್ಟಾರ್ ವಾರ್ಸ್ ಸಿನಿಮಾಗಳಲ್ಲಿ ಲೇಯಾ ಆಗಿ ನಟಿಸಿದ ಕ್ಯಾರಿ ಫಿಶರ್‌ಗೆ ಹೃದಯಾಘಾತವಾದ ಸುದ್ದಿ ಬಂತು. ಮಗನಿಗೆ ಅವಳು ಕ್ಯಾರಿ ಫಿಶರ್ ಅಲ್ಲ, ಲೇಯಾ. ನಾಲ್ಕು ದಿನ ಎದ್ದ ಕೂಡಲೇ ಕೇಳುತ್ತಿದ್ದ, "ಹುಷಾರಾದ್ಳಾ?" 27ರ ಮಂಗಳವಾರ ಶಾಲೆಗೆ ರಜೆ, ನಾನೂ ಮನೆಯಲ್ಲಿದ್ದೆ. ಊಟದ ಹೊತ್ತಿಗೆ ಅವಳು ತೀರಿಕೊಂಡ ಸುದ್ದಿ ಬಂತು. ಅರವತ್ತು ವರ್ಷ. ಅಮ್ಮನಿಗಿಂತ ಚಿಕ್ಕವಳು. ಮಗ ತಟ್ಟೆ ಬಿಟ್ಟು ಎದ್ದು ಹೋದ.

ಈ ಆಟ ಬಹಳ ವರ್ಷ ಬಾಳಲಿಲ್ಲ. 2020ರ ಜನವರಿಯಲ್ಲಿ, ಮುಂದೆ ಬರುವ ಕಂತೇ ಕೊನೆಯದೆಂದು ಕಂಪನಿ ತಿಳಿಸಿತು. ಕಾಲೇಜಿಗೆ ಹೋದ ಮಗ ಡಬ್ಬವನ್ನು ನನ್ನ ಕಪಾಟಿನಲ್ಲಿ ಬಿಟ್ಟುಹೋಗಿದ್ದಾನೆ. ಮೊನ್ನೆ ತೆಗೆದು ನೋಡಿದೆ, ಡೂಕು ಅದರಲ್ಲಿಲ್ಲ. 31ರ ಶನಿವಾರ ಅವನು ಅಂಗಡಿಗೆ ಹೋಗಿ, ಕೊಡಲಾರೆನೆಂದು ಆ ಹುಡುಗನಿಗೆ ತಾನೇ ಹೇಳಿ ಬಂದಿದ್ದ. ಅವನು ಮರುಮಾತಾಡದೆ ತಲೆಯಾಡಿಸಿದನಂತೆ.

ಆ ಮಂಗಳವಾರ ರಾತ್ರಿ ಮಗ ಮೇಜಿನ ಮೇಲೆ ಬಟ್ಟೆ ಹಾಸಿ, ದೀಪ ಹತ್ತಿರ ಎಳೆದುಕೊಂಡು ನನ್ನನ್ನು ಕರೆದ. ಫಿನ್‌ನನ್ನು ತೆಗೆದು ಲೇಯಾಳನ್ನು ರೇಯ ಪಕ್ಕ ಕೂರಿಸಿದ್ದ. ಅವಳಿಗೆ ಹೊಂದುವ ಕೆಂಪು ಕಾರ್ಡು ಮೂರೋ ನಾಲ್ಕೋ ಇದ್ದವು. ಇದು ಸೋಲುವ ಕಟ್ಟೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಐದೈದು ಕಾರ್ಡು ಎತ್ತಿಕೊಂಡೆವು. ಅವನು ಲೇಯಾಳ ದಾಳವನ್ನು ಎರಡೂ ಕೈಯಲ್ಲಿ ಮುಚ್ಚಿ, ಅಜ್ಜಿ ಕವಡೆ ಕುಲುಕುವ ಹಾಗೆ ಕಿವಿಯ ಹತ್ತಿರ ಹಿಡಿದು ಕುಲುಕಿದ. ಎಸೆದ. ಬೇಡದ ಮೈ ಬಿತ್ತು. ನಾನು ನನ್ನ ನಡೆ ಆಡಿದೆ. ಅವನು ಕೈಯ ಕಾರ್ಡುಗಳನ್ನು ಎಡದಿಂದ ಬಲಕ್ಕೆ ನೋಡಿ, ರೇಯ ಆಯುಧವನ್ನು ಹೊರತೆಗೆದು ಮೇಜಿನ ಅಂಚಿಗೆ ಬಿಟ್ಟ; ದಾಳವನ್ನು ಮತ್ತೆ ಎತ್ತಿಕೊಂಡ.